ಹಾಲಿಗೆ ಒಕ್ಕೂಟ, ಕೊಬ್ಬರಿಗೆ ಮಂಡಿ

ತುಮಕೂರು ಜಿಲ್ಲೆಯ ರೈತ ಕುಟುಂಬಕ್ಕೆ ಎರಡು ಬಗೆಯ ಮಾರುಕಟ್ಟೆ ಗೊತ್ತು. ಕೊಟ್ಟಿಗೆಯ ಹಾಲಿಗೆ ತಾನೇ ಶೇರುದಾರನಾಗಿರುವ ಸಂಘವಿದೆ. ಅಟ್ಟದ ಮೇಲಿನ ಕೊಬ್ಬರಿಗೆ ಮಂಡಿಯಿದೆ. ಗುಬ್ಬಿ, ಕುಣಿಗಲ್ ಕಡೆ ಕರೆದ ಹಾಲು ಮಲ್ಲಸಂದ್ರದ ಡೈರಿ ಸೇರಿ, ನಂದಿನಿ ಪ್ಯಾಕೆಟ್ಟಾಗಿ ತುಮಕೂರಿನ ಶೆಟ್ಟಿಹಳ್ಳಿಯಂಥ ಬಡಾವಣೆಗಳ ಮನೆಬಾಗಿಲಿಗೆ ಬರುತ್ತದೆ. ಅದರ ದರ ವರ್ಷಕ್ಕೆ ಒಂದೆರಡು ರೂಪಾಯಿ ಆಚೀಚೆ ಆದರೂ ಪತ್ರಿಕೆಯಲ್ಲಿ ಸುದ್ದಿ. ಕೊಬ್ಬರಿಯ ಕಥೆ ಬೇರೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಕುಸಿದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ ಬೆಂಬಲ ಬೆಲೆಯ ದುಪ್ಪಟ್ಟನ್ನೂ ದಾಟಿತು. ಆ ಹೊತ್ತಿಗೆ ಮಾಲು ಇಟ್ಟುಕೊಂಡಿದ್ದವರಿಗೆ ಲಾಭ, ಸಾಲಕ್ಕೆ ಹೆದರಿ ಮೊದಲೇ ಮಾರಿದವರಿಗೆ ನಷ್ಟ. ಒಂದೇ ಮನೆಯ ಎರಡು ಉತ್ಪನ್ನಗಳ ಗತಿ ಇಷ್ಟು ಬೇರೆಯಾಗಲು ಕಾರಣ ಏನೆಂದು ಕೇಳಿದರೆ, ಈ ಸೀಮೆಯ ಸಹಕಾರದ ಬಲವೂ ದೌರ್ಬಲ್ಯವೂ ಒಟ್ಟಿಗೇ ಕಾಣುತ್ತವೆ. ಸಂಘ ಕಟ್ಟುವುದು ನಮಗೆ ಗೊತ್ತಿದೆ. ಸಂಘದ ಬೆನ್ನಿಗೆ ನಿಂತು ಮಾಲು ಕೊಳ್ಳುವ, ಹಣ ಕೊಡುವ, ಲೆಕ್ಕ ಕೇಳುವ ಒಕ್ಕೂಟವನ್ನು ಹಾಲಿಗೆ ಕಟ್ಟಿಕೊಂಡ ಹಾಗೆ ಬೇರೆ ಯಾವುದಕ್ಕೂ ಕಟ್ಟಿಕೊಳ್ಳಲಿಲ್ಲ.

ಹಾಲಿನ ಸಂಘ ಗೆದ್ದದ್ದು ಆದರ್ಶದ ಮಾತಿನಿಂದ ಎಂದುಕೊಳ್ಳುವುದು ತಪ್ಪು. ಗೆಲ್ಲಿಸಿದ್ದು ದಿನಕ್ಕೆರಡು ಸಲ ತಪ್ಪದೆ ನಡೆಯುವ ಕ್ರಮ. ಡೈರಿಯ ಮುಂದೆ ಸಾಲು ನಿಲ್ಲುತ್ತದೆ, ಕ್ಯಾನಿನಿಂದ ಒಂದಿಷ್ಟು ಹಾಲನ್ನು ಮಾದರಿಗೆ ತೆಗೆಯುತ್ತಾರೆ, ಯಂತ್ರ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ತೋರಿಸುತ್ತದೆ, ಎಸ್‌ಎನ್‌ಎಫ್ ಶೇ 8.5ಕ್ಕಿಂತ ಕೆಳಗಿಳಿದರೆ ದರವೂ ಇಳಿಯುತ್ತದೆ. ಎರಡು ಲೀಟರ್ ತಂದ ಮುದುಕಿಗೂ ಮೂವತ್ತು ಲೀಟರ್ ತಂದ ದೊಡ್ಡ ಹಿಡುವಳಿದಾರನಿಗೂ ಯಂತ್ರ ಒಂದೇ, ಸರ್ವ ಸದಸ್ಯರ ಸಭೆಯಲ್ಲಿ ವೋಟೂ ಒಂದೇ. ಬಟವಾಡೆಯ ದಿನ ಹಣ ಬರುತ್ತದೆ, ವರ್ಷದ ಕೊನೆಗೆ ಹಾಕಿದ ಹಾಲಿನ ಲೆಕ್ಕದಲ್ಲಿ ಬೋನಸ್ ಬರುತ್ತದೆ. ಹಳ್ಳಿಯ ಸಂಘ, ಜಿಲ್ಲೆಯ ಹಾಲು ಒಕ್ಕೂಟ ತುಮುಲ್, ರಾಜ್ಯದ ಹಾಲು ಮಹಾಮಂಡಳ ಕೆಎಂಎಫ್ ಎಂಬ ಮೂರು ಹಂತಗಳು ಈ ಕ್ರಮದ ಬೆನ್ನೆಲುಬು. 1974ರಲ್ಲಿ ಡೈರಿ ಅಭಿವೃದ್ಧಿ ನಿಗಮವಾಗಿ ಹುಟ್ಟಿ 1984ರಲ್ಲಿ ಮಹಾಮಂಡಳವಾದ ಈ ವ್ಯವಸ್ಥೆ ಪಶುವೈದ್ಯ, ಪಶು ಆಹಾರ, ಶೀತಲೀಕರಣ, ಬ್ರ್ಯಾಂಡು ಎಲ್ಲವನ್ನೂ ಮೇಲಿನ ಹಂತಕ್ಕೆ ವಹಿಸಿತು. ಹಳ್ಳಿಯ ಸಂಘಕ್ಕೆ ಉಳಿದದ್ದು ಅಳೆಯುವುದು, ಬರೆಯುವುದು, ಹಂಚುವುದು. ಅಷ್ಟನ್ನು ಹತ್ತನೇ ತರಗತಿ ಓದಿದ ಕಾರ್ಯದರ್ಶಿ ಸಲೀಸಾಗಿ ನಿಭಾಯಿಸಬಲ್ಲ.

ಹಾಲು ಕೆಡುವ ಪದಾರ್ಥ, ಅದಕ್ಕೆ ಸಹಕಾರ ಅನಿವಾರ್ಯವಾಯಿತು; ತಿಂಗಳುಗಟ್ಟಲೆ ಅಟ್ಟದ ಮೇಲಿಡಬಹುದಾದ ಕೊಬ್ಬರಿಗೆ ಆ ಒತ್ತಡವಿಲ್ಲ ಎಂಬ ಆಕ್ಷೇಪವಿದೆ. ಇದಕ್ಕೆ ಉತ್ತರ ನಮ್ಮದೇ ರಾಜ್ಯದ ಕರಾವಳಿಯಲ್ಲಿದೆ. ಅಡಿಕೆಯನ್ನೂ ಇಟ್ಟು ಮಾರಬಹುದು, ಅಲ್ಲೂ ಮಂಡಿಯ ಹಿಡಿತವಿತ್ತು. ಆದರೂ ಬೆಲೆ ಬಿದ್ದು ಕಂಗಾಲಾದ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಕಟ್ಟಿದರು. ಅದು ಮಾರುಕಟ್ಟೆಯಲ್ಲಿ ತಾನೇ ಖರೀದಿದಾರನಾಗಿ ನಿಂತಿತು. ಕೊಕೊ ಬೆಳೆಗಾರರು ಕೈಸುಟ್ಟುಕೊಂಡಾಗ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ತೆಂಗಿನ ಸೀಮೆಯಲ್ಲಿ ಬೆಳೆಗಾರರ ಸೊಸೈಟಿಗಳು, ಫೆಡರೇಷನ್‌ಗಳು, ಉತ್ಪಾದಕ ಕಂಪನಿಗಳು ಹುಟ್ಟಲಿಲ್ಲವೆಂದಲ್ಲ. ತೆಂಗಿನ ನಾರಿಗೆ ರಾಜ್ಯಮಟ್ಟದ ಸಹಕಾರ ಮಹಾಮಂಡಳವೂ ಇದೆ. ಬೋರ್ಡಿಗೆ ಕೊರತೆಯಿಲ್ಲ. ಬೆಲೆ ಬಿದ್ದ ದಿನವೂ ದುಡ್ಡು ಹಿಡಿದು ನಿಲ್ಲುವ ಖರೀದಿದಾರ ಮಾತ್ರ ಇಲ್ಲ. ಅದಕ್ಕೇ ದರ ಕುಸಿದಾಗಲೆಲ್ಲ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆಂದು ಕಾಯಬೇಕಾಗಿದೆ.

ಹಾಲಿನ ಸಹಕಾರ ಸರ್ಕಾರದ ಊರುಗೋಲಿನ ಮೇಲೆ ನಿಂತಿದೆ ಎಂಬುದು ಎರಡನೆಯ ಆಕ್ಷೇಪ. ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಬೊಕ್ಕಸದಿಂದ ಬರುವುದು ನಿಜ. ಶಾಲಾ ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆ ಹಾಲಿನ ಪುಡಿಗೆ ಗಿರಾಕಿ ಒದಗಿಸಿದ್ದೂ ನಿಜ. ಆದರೆ ಊರುಗೋಲಿಲ್ಲದೆ ನಡೆದ ಉದ್ಯಮ ಈ ಜಿಲ್ಲೆಯಲ್ಲಿ ಯಾವುದಿದೆ? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ ಸಾರ್ವಜನಿಕ ಜಮೀನು ಹೋಗಿದೆ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯೂ ಸರ್ಕಾರದ ಹಣದಲ್ಲೇ ಬಂದದ್ದು. 2016ರಲ್ಲಿ ದೆಹಲಿಯ ತೀರ್ಮಾನದಂತೆ ಬಾಗಿಲು ಹಾಕಿತು, ದುಡಿದವರ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಸಹಕಾರಕ್ಕೆ ಕೊಟ್ಟ ನೆರವು ಊರಿನಲ್ಲೇ ಸಾವಿರಾರು ಕೈಗಳಿಗೆ ಹಂಚಿಹೋಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ರಾಜಕೀಯದ ಆಕ್ಷೇಪವನ್ನು ಹೀಗೆ ತಳ್ಳಿಹಾಕಲಾಗದು. ಕೆಎಂಎಫ್ ಅಧ್ಯಕ್ಷರ ಪಟ್ಟಿಯಲ್ಲಿ ಎಚ್.ಡಿ. ರೇವಣ್ಣ, ಸೋಮಶೇಖರ ರೆಡ್ಡಿ, ಬಾಲಚಂದ್ರ ಜಾರಕಿಹೊಳಿ ಮುಂತಾಗಿ ಹಲವು ಶಾಸಕರ ಹೆಸರುಗಳು ಸಿಗುತ್ತವೆ. ಹಸು ಸಾಕುವವರ ಸಂಸ್ಥೆಯ ಚುಕ್ಕಾಣಿ ಪಕ್ಷಗಳ ಕೈಯಲ್ಲಿದೆ. ಲೆಕ್ಕ ಕೇಳುವವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧಕ್ಕೆ ಒಳಗಾದ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕ್ ಸಾಕ್ಷಿ. ಠೇವಣಿ ಇಟ್ಟವರು ತಮ್ಮದೇ ಹಣಕ್ಕೆ ಅಲೆದರು. ಇದಕ್ಕೆ ಮದ್ದು ಸಹಕಾರವನ್ನು ಕೈಬಿಡುವುದರಲ್ಲಿಲ್ಲ. ಹಾಲಿನ ಫ್ಯಾಟನ್ನು ಎಲ್ಲರೆದುರು ತೋರಿಸುವ ಹಾಗೆಯೇ ಒಕ್ಕೂಟದ ಆಡಿಟ್ಟನ್ನೂ ಹಳ್ಳಿಯ ಸಭೆಯಲ್ಲಿ ಓದಿಸುವುದರಲ್ಲಿದೆ.

ಈ ವ್ಯವಸ್ಥೆಯ ದೊಡ್ಡ ಕೊರತೆ ಎಂದರೆ ದುಡಿಯುವವರಿಗೆ ಒಡೆತನ ಸಿಗದಿರುವುದು. ಹಾಲು ಕರೆಯುವ ಹೆಂಗಸಿನ ಬದಲು ಎಷ್ಟೋ ಕಡೆ ಗಂಡನ ಹೆಸರು ಸದಸ್ಯರ ಪುಸ್ತಕದಲ್ಲಿರುತ್ತದೆ. ಡೈರಿಯ ನೌಕರ, ಗುತ್ತಿಗೆ ಕೆಲಸಗಾರ, ಟ್ಯಾಂಕರ್ ಚಾಲಕ ಯಾರಿಗೂ ಶೇರಿಲ್ಲ. ಕೆಲಸಗಾರರೇ ಒಡೆಯರಾದರೆ ಉದ್ಯಮ ಉಳಿಯುವುದಿಲ್ಲ ಎನ್ನುವವರು ಹೆಗ್ಗೋಡಿನ ಬಳಿಯ ಚರಕವನ್ನು ಬೆರಳು ಮಾಡಿ ತೋರಿಸಬಹುದು. 1996ರಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ ಹುಟ್ಟಿದ ಆ ಮಹಿಳಾ ಕೈಮಗ್ಗ ಸಂಘ 2020ರಲ್ಲಿ ತಾನು ಸಂಕಷ್ಟದಲ್ಲಿರುವುದಾಗಿ ತಾನೇ ಘೋಷಿಸಿಕೊಂಡಿತು. ಆದರೆ ಸೋತದ್ದು ನೇಯುವವರ ಒಡೆತನವಲ್ಲ; ಕಷ್ಟಕಾಲಕ್ಕೆ ದುಡಿಯುವ ಬಂಡವಾಳ ಕೊಡುವವರು ಆ ಒಂಟಿ ಸಂಘಕ್ಕೆ ಇರಲಿಲ್ಲ. ಅಂಥ ಬೆಂಬಲ ಇದ್ದ ಕಡೆ ಕಥೆ ಬೇರೆ. ಮಂಗಳೂರಿನ ಗಣೇಶ್ ಬೀಡಿ ಕಣ್ಣೂರಿನ ಕೆಲಸ ನಿಲ್ಲಿಸಿದಾಗ ಅಲ್ಲಿನ ಕಾರ್ಮಿಕರು 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಶೇರು ಹಣಕ್ಕೆ ಕೇರಳ ಸರ್ಕಾರ ಸಾಲ ಕೊಟ್ಟಿತು, ಊರೂರಿನ ಸಂಘಗಳ ಮೇಲೆ ಒಂದು ಕೇಂದ್ರ ಸಂಘ ನಿಂತಿತು. ಬೀಡಿ ಸೇದುವವರು ಕಡಿಮೆಯಾದಾಗ ಆಹಾರ ಪದಾರ್ಥ, ಛತ್ರಿಗಳ ಕಡೆ ಹೊರಳಿತು. ಸ್ಪೇನಿನ ಮೊಂಡ್ರಾಗನ್‌ನಲ್ಲಿ 1956ರಲ್ಲಿ ಕೆಲಸಗಾರರೇ ಒಡೆಯರಾದ ಮೊದಲ ಕಾರ್ಖಾನೆ, ಅದರ ಬೆನ್ನಿಗೇ 1959ರಲ್ಲಿ ಸಹಕಾರಿ ಬ್ಯಾಂಕು. 2013ರಲ್ಲಿ ಅಲ್ಲಿನ ಫಾಗೋರ್ ಕಂಪನಿ ದಿವಾಳಿಯಾದಾಗ ಅದರ ಸದಸ್ಯರಲ್ಲಿ ಹೆಚ್ಚಿನವರಿಗೆ ಸೋದರ ಸಂಘಗಳಲ್ಲಿ ಕೆಲಸ ಸಿಕ್ಕಿತು.

ಆದ್ದರಿಂದ ತುಮಕೂರಿನ ಹಾಲಿನ ಸಹಕಾರಕ್ಕೆ ಅರ್ಧ ಅಂಕ ಕೊಡಬೇಕು: ಬೆಲೆಯ ಭದ್ರತೆಯಲ್ಲಿ ಗೆದ್ದಿದೆ, ಒಡೆತನ ಹಂಚುವುದರಲ್ಲಿ ಸೋತಿದೆ, ತನ್ನ ಅನುಭವವನ್ನು ತೆಂಗಿಗೆ, ನಾರಿಗೆ ದಾಟಿಸುವ ಯತ್ನವನ್ನೇ ಮಾಡಿಲ್ಲ. ಹೊಸ ಸಂಘಗಳ ನೋಂದಣಿಗೆ ಗುರಿ ಹಾಕಿಕೊಳ್ಳುವುದನ್ನು ಬಿಟ್ಟು, ಕೊಬ್ಬರಿಯನ್ನು ವರ್ಷವಿಡೀ ಕೊಳ್ಳುವ ಬಂಡವಾಳವುಳ್ಳ ಒಂದು ಜಿಲ್ಲಾ ಒಕ್ಕೂಟ ಕಟ್ಟಬೇಕು. ಅದರ ಶೇರಿನಲ್ಲಿ ಕಾಯಿ ಸುಲಿಯುವವರಿಗೂ ನಾರು ತೆಗೆಯುವ ಹೆಂಗಸರಿಗೂ ಮೊದಲ ದಿನದಿಂದಲೇ ಪಾಲಿರಲಿ. ಈ ಬೇಡಿಕೆಯನ್ನು ಹಾಲಿನ ಸಂಘದ ಸದಸ್ಯರೇ ಮುಂದಿನ ವಾರ್ಷಿಕ ಸಭೆಯಲ್ಲಿ ಎತ್ತಬೇಕು. ಸಂಘದ ಬೆಲೆ ಅವರಷ್ಟು ಬಲ್ಲವರು ಜಿಲ್ಲೆಯಲ್ಲಿ ಬೇರೆ ಇಲ್ಲ.