ನಾಯಿಯ ಸ್ವಂತ ಬುದ್ಧಿಗೆ ಮನ್ನಣೆ: ಬಹುಮಾನ ಆಧಾರಿತ ತರಬೇತಿಯ ವಿಮರ್ಶೆ

ನಾಯಿಯನ್ನು ಪಳಗಿಸುವ ವಿಧಾನಗಳ ಯೋಗ್ಯತೆಯನ್ನು, ಹೇಳಿದ ಮಾತನ್ನು ಅದು ಎಷ್ಟು ಬೇಗ ಕೇಳುತ್ತದೆ ಎಂಬುದರಿಂದಲೇ ನಿರ್ಧರಿಸುವುದು ವಾಡಿಕೆ. ಬೇಕಾದ ನಡವಳಿಕೆ ಕಂಡೊಡನೆ ತಿನಿಸು, ಆಟ ಅಥವಾ ಮೆಚ್ಚುಗೆಯಿಂದ ಅದನ್ನು ಬಲಪಡಿಸುತ್ತ, ಹೊಡೆತ ಬೆದರಿಕೆಗಳನ್ನು ದೂರವಿಡುವ ಪದ್ಧತಿಗೆ ಬಹುಮಾನ ಆಧಾರಿತ ತರಬೇತಿ ಎಂದು ಹೆಸರು. ವಿಧೇಯತೆಯನ್ನು ಕಲಿಸುವಲ್ಲಿಯೂ ಅದು ಹಿಂದೆ ಬೀಳುವುದಿಲ್ಲವಾದರೂ ಅದರ ಹೆಚ್ಚುಗಾರಿಕೆ ಇರುವುದು ಇನ್ನೊಂದು ಕಡೆ: ತಾನು ಮಾಡುವ ಪ್ರಯತ್ನಕ್ಕೆ ಫಲವುಂಟು ಎಂಬ ಭರವಸೆಯನ್ನು ಅದು ಪ್ರಾಣಿಯಲ್ಲಿ ಹುಟ್ಟಿಸುತ್ತದೆ.

ಫಲ ಕೊಟ್ಟ ನಡವಳಿಕೆಯನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬ ತತ್ವವನ್ನು ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪೆಟ್ಟಿಗೆಗಳಲ್ಲಿ ಕೂಡಿಟ್ಟ ಬೆಕ್ಕು ನಾಯಿಗಳು ಹೊರಬರುವ ಬಗೆಯನ್ನು ಗಮನಿಸಿ ಮಂಡಿಸಿದನು, ಬಿ. ಎಫ್. ಸ್ಕಿನ್ನರ್ ಅದನ್ನು ಶಾಸ್ತ್ರವಾಗಿ ಬೆಳೆಸಿದನು. ಆದರೆ ಸೃಜನಶೀಲತೆಯನ್ನೇ ಬಹುಮಾನದಿಂದ ಬೆಳೆಸಬಹುದೆಂದು ತೋರಿಸಿದ್ದು ಕ್ಯಾರೆನ್ ಪ್ರಯರ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಪ್ರಬಂಧ. ಹವಾಯಿಯ ಸೀ ಲೈಫ್ ಪಾರ್ಕಿನ ಡಾಲ್ಫಿನ್‌ಗಳಿಗೆ, ಹಿಂದೆ ಮೆಚ್ಚುಗೆ ಪಡೆಯದ ಹೊಸ ಚಲನೆಗೆ ಮಾತ್ರ ಮೀನು ಕೊಡಲಾಯಿತು. ಕೆಲಕಾಲ ತಡಕಾಡಿದ ಮೇಲೆ ಅವು ಯಾರೂ ಕಲಿಸದ ಚಲನೆಗಳನ್ನು ತಾವಾಗಿಯೇ ಮಾಡತೊಡಗಿದವು. ನಾಯಿಗಳಿಗೆ ಆಡಿಸುವ ರಟ್ಟಿನ ಪೆಟ್ಟಿಗೆಯ ಆಟದಲ್ಲಿರುವುದು ಇದೇ ನಿಯಮ. ಖಾಲಿ ಪೆಟ್ಟಿಗೆಯೊಂದನ್ನು ಮುಂದಿಟ್ಟು, ಯಾವ ಆಜ್ಞೆಯನ್ನೂ ಕೊಡದೆ, ನಾಯಿ ಅದನ್ನು ನೋಡಿದರೂ ಮೂಸಿದರೂ ಕಾಲಿಟ್ಟರೂ ಆ ಕ್ಷಣವನ್ನು ಒಂದು ಚಿಕ್ಕ ಶಬ್ದದಿಂದ ಗುರುತಿಸಿ ತಿನಿಸು ಕೊಡಲಾಗುತ್ತದೆ. ಮುಂದಿನ ಸಲ ಬೇರೊಂದನ್ನು ಮಾಡಿದರೆ ಮಾತ್ರ ತಿನಿಸು ಸಿಗುತ್ತದೆ. ಇಲ್ಲಿ ತಪ್ಪು ಎಂಬುದೇ ಇಲ್ಲವಾದ್ದರಿಂದ ಅಂಜುಬುರುಕ ನಾಯಿಯೂ ಮೆಲ್ಲಮೆಲ್ಲನೆ ಮುಂದೆ ಬರುತ್ತದೆ.

ಈ ಆಟದಲ್ಲಿ ಬೆಳೆಯುವುದನ್ನು ಕಲಾವಿದನ ಕಲ್ಪನಾಶಕ್ತಿಗೆ ಸಮನೆಂದು ಹೊಗಳುವುದು ಅತಿಯಾಗುತ್ತದೆ. ನಾಯಿಗೆ ದಕ್ಕುವುದು ವೈವಿಧ್ಯದ ರೂಢಿ ಮತ್ತು ಸೋತರೂ ಮತ್ತೊಂದನ್ನು ಮಾಡಿ ನೋಡುವ ಧೈರ್ಯ. ಈ ಧೈರ್ಯದ ಬೆಲೆಯನ್ನು ತಿಳಿಯಲು ಸೆಲಿಗ್‌ಮನ್ ಮತ್ತು ಮೇಯರ್ 1967ರಲ್ಲಿ ಪ್ರಕಟಿಸಿದ ಕಠೋರ ಪ್ರಯೋಗವನ್ನು ನೆನೆಯಬೇಕು. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾಗಿದ್ದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಪಾರಾಗುವ ದಾರಿ ತೆರೆದಿದ್ದಾಗಲೂ ಕದಲದೆ ಬಿದ್ದಿದ್ದವು. ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ತಮ್ಮ ವಿವರಣೆಯನ್ನು ತಿದ್ದಿಕೊಂಡು, ನಿಷ್ಕ್ರಿಯತೆ ಕಲಿತದ್ದಲ್ಲ, ಪರಿಸ್ಥಿತಿ ತನ್ನ ಹಿಡಿತದಲ್ಲಿದೆ ಎಂಬ ಅರಿವೇ ಕಲಿಯಬೇಕಾದದ್ದು ಎಂದರು. 2020ರಲ್ಲಿ ಪೋರ್ಚುಗಲ್ಲಿನ 92 ಸಾಕುನಾಯಿಗಳ ಮೇಲೆ ಪ್ರಕಟವಾದ ಅಧ್ಯಯನವೂ, ದಂಡನೆ ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳು ಹೆಚ್ಚು ಒತ್ತಡದಲ್ಲಿದ್ದು, ಅನಿಶ್ಚಿತ ಸನ್ನಿವೇಶದಲ್ಲಿ ಕೆಡುಕನ್ನೇ ನಿರೀಕ್ಷಿಸುವ ಕಡೆಗೆ ವಾಲಿದ್ದವು ಎಂದು ತೋರಿಸಿದೆ.

ಈ ಹಿನ್ನೆಲೆಯಲ್ಲಿ ಅರಸೀಕೆರೆ, ಬೇಲೂರು, ಹಳೇಬೀಡುಗಳ ನಾಯಿಗಳ ಬದುಕನ್ನು ನೋಡಿದರೆ ಪದ್ಧತಿಯ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಅರಸೀಕೆರೆ ಕಡೆಯ ತೆಂಗಿನ ತೋಟದ ಒಂಟಿಮನೆಗಳಲ್ಲಿ ನಾಯಿ ಎಂದರೆ ಕಾವಲು. ಹಗಲೆಲ್ಲ ಸರಪಳಿಯಲ್ಲಿದ್ದು ಅಪರಿಚಿತರನ್ನು ಕಂಡರೆ ಬೊಗಳುವುದೇ ಅದರ ಉದ್ಯೋಗ, ದಂಡಂ ದಶಗುಣಂ ಎಂಬ ನಂಬಿಕೆಯೇ ಅದರ ಶಿಕ್ಷಣ. ಇಂಥ ಪ್ರಾಣಿಗೆ ಬೇಯಿಸಿದ ಮೊಟ್ಟೆಯ ಚೂರುಗಳನ್ನು ಅಂಗಳದಲ್ಲಿ ಅಡಗಿಸಿಟ್ಟು ಮೂಸಿ ಹುಡುಕಲು ಬಿಡುವುದು ಖರ್ಚಿಲ್ಲದ ಉಪಕಾರ. ಎರಡು ವಾರಗಳ ಮೂಸುವ ಅಭ್ಯಾಸದಿಂದ ನಾಯಿಗಳ ನಿರೀಕ್ಷೆ ಹೆಚ್ಚು ಆಶಾದಾಯಕವಾಗುತ್ತದೆ ಎಂದು 2019ರ ಅಧ್ಯಯನವೊಂದು ಕಂಡುಕೊಂಡಿದೆ.

ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಭಾಗದ ಕಾಫಿ ತೋಟಗಳಲ್ಲಿ ಪ್ರಶ್ನೆ ಜಟಿಲವಾಗುತ್ತದೆ. ಕಾಡಾನೆಗಳು ಸುಳಿದಾಡುವ ಆ ತೋಟಗಳಲ್ಲಿ ಆನೆಯನ್ನು ಕೆಣಕಿ, ಅದು ತಿರುಗಿಬಿದ್ದಾಗ ಯಜಮಾನನ ಬಳಿಗೇ ಓಡಿಬರುವ ನಾಯಿ ಮನುಷ್ಯನ ಪ್ರಾಣಕ್ಕೂ ಸಂಚಕಾರ ತರಬಲ್ಲದು. ಸ್ವಂತ ಬುದ್ಧಿಯನ್ನು ಹುರಿದುಂಬಿಸುವ ತರಬೇತಿ, ಕರೆದೊಡನೆ ಮರಳಿ ಬರುವ ಅಭ್ಯಾಸವನ್ನು ಅಷ್ಟೇ ಗಟ್ಟಿಯಾಗಿ ಕಲಿಸದಿದ್ದರೆ ಇಲ್ಲಿ ಅಪೂರ್ಣ. ಆ ಅಭ್ಯಾಸವೂ ಬಹುಮಾನದಿಂದಲೇ ನಿಲ್ಲುವಂಥದು. ತಡವಾಗಿ ಬಂದ ನಾಯಿಗೆ ಏಟು ಬಿದ್ದರೆ, ಅದು ಕಲಿಯುವ ಪಾಠ ಬರಬಾರದು ಎಂಬುದೇ.

ಹಳೇಬೀಡು, ಬೇಲೂರುಗಳ ದೇವಾಲಯದ ಪರಿಸರದಲ್ಲಿ ಪದ್ಧತಿಯ ಮತ್ತೊಂದು ಸತ್ಯ ಗೋಚರಿಸುತ್ತದೆ: ಬಹುಮಾನವು ಕೊಡುವವರ ಉದ್ದೇಶವನ್ನು ಕೇಳದೆ ಕೆಲಸ ಮಾಡುತ್ತದೆ. ಪ್ರವಾಸಿಯ ಮೈಮೇಲೆ ಹಾರಿದ ಬೀದಿನಾಯಿಗೆ ಬಿಸ್ಕತ್ತು ಸಿಕ್ಕರೆ ಹಾರುವುದೇ ಬಲಗೊಳ್ಳುತ್ತದೆ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಸಿಕ್ಕರೆ ಸೌಮ್ಯತೆ. ಆದರೆ ಇದು ಸಂತಾನಹರಣ ಶಸ್ತ್ರಚಿಕಿತ್ಸೆಗೂ ರೇಬೀಸ್ ಲಸಿಕೆಗೂ ಬದಲಿಯಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿರುವ ಆ ಹೊಣೆಯನ್ನು ತರಬೇತಿ ಹಗುರಗೊಳಿಸಲಾರದು.

ನಾಯಿಯ ಧೈರ್ಯವನ್ನು ಗೌರವಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ 949-50ರ ಶಾಸನ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನು ಒಡೆಯನಿಂದ ಕಾಳಿ ಎಂಬ ನಾಯಿಯನ್ನೇ ಬೇಡಿ ಪಡೆದದ್ದನ್ನೂ, ಅದು ಕಾಡುಹಂದಿಯೊಡನೆ ಕಾದಾಡಿ ಮಡಿದದ್ದನ್ನೂ ಕಲ್ಲಿನಲ್ಲಿ ದಾಖಲಿಸಿದೆ. ಈ ಗೌರವ ಸತ್ತ ಮೇಲೆ ಸಂದದ್ದು. ಬಹುಮಾನ ಆಧಾರಿತ ತರಬೇತಿ ಬದುಕಿರುವಾಗಲೇ, ಸಣ್ಣ ಪ್ರಯತ್ನಕ್ಕೂ ಆ ಕ್ಷಣದಲ್ಲೇ ಸಲ್ಲಿಸಬೇಕೆನ್ನುತ್ತದೆ.

ಈ ಪದ್ಧತಿಯ ಕೊರತೆ ಅದರ ತತ್ವದಲ್ಲಿಲ್ಲ, ಬಿಡುವೂ ನೆಮ್ಮದಿಯೂ ಇರುವ ನಗರದ ಮನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಬೋಧಿಸುವ ರೀತಿಯಲ್ಲಿದೆ. ದಿನಕ್ಕೆ ಐದು ನಿಮಿಷ, ಹೇಗೂ ಹಾಕಬೇಕಾದ ಊಟದಲ್ಲೇ ಒಂದು ಪಾಲು, ಗದರದೆ ಕಾಯುವ ತಾಳ್ಮೆ, ಇಷ್ಟಿದ್ದರೆ ತೋಟದ ನಾಯಿಗೂ ಅದು ಒಗ್ಗುತ್ತದೆ. ಬೆದರಿದ ನಾಯಿ ಒಡೆಯನಿಗೆ ಅಂಜುವುದನ್ನು ಕಲಿತಿರುತ್ತದೆ, ಭರವಸೆಯುಳ್ಳ ನಾಯಿ ಅವನನ್ನು ನಂಬುವುದನ್ನು ಕಲಿತಿರುತ್ತದೆ; ಚಿರತೆ, ಆನೆಗಳ ನಡುವೆ ನಾಯಿಯೊಡನೆ ಬದುಕುವ ಸೀಮೆಗೆ ಎರಡನೆಯದೇ ಹೆಚ್ಚು ಕ್ಷೇಮಕರ.