ದೊರೆಯ ಬಿನ್ನಪ, ಮಂತ್ರಿಯ ಗದ್ಯ

ರಾಜನಿಗಾಗಿ ಚರಿತ್ರೆಯನ್ನೇ ತಿದ್ದಿ ಬರೆಯುವ ಪಂಡಿತರು ಫ್ಯಾಂಟಸಿ ಕಾದಂಬರಿಗಳಲ್ಲಿ ಆಗಾಗ ಬರುತ್ತಾರೆ. ಕನ್ನಡ ಓದಿದವರಿಗೆ ಅಂಥವರನ್ನು ಕಲ್ಪಿಸಿಕೊಳ್ಳುವ ಶ್ರಮವೇ ಬೇಡ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಆಸ್ಥಾನವನ್ನು ಒಮ್ಮೆ ಹೊಕ್ಕು ಬಂದರೆ ಸಾಕು.

'ಆಸ್ಥಾನ ಕವಿ' ಎಂಬುದನ್ನು ನಾವು ಬಿರುದಾಗಿಯೋ ಬೈಗುಳವಾಗಿಯೋ ಬಳಸಿ ಮುಂದೆ ಹೋಗಿಬಿಡುತ್ತೇವೆ. ಹೊಗಳಿದ, ಅಗ್ರಹಾರ ಪಡೆದ, ಅಷ್ಟೇ. ಆದರೆ ಹೊಗಳಿಕೆ ನನಗೆ ಅಷ್ಟೇನೂ ತೊಂದರೆಯ ವಿಷಯವಾಗಿ ಕಾಣುವುದಿಲ್ಲ. ಕ್ರಿ.ಶ. 941ರ ಸುಮಾರಿಗೆ ಪಂಪ ಅರಿಕೇಸರಿಯನ್ನು ಅರ್ಜುನನ ಜಾಗದಲ್ಲಿ ನಿಲ್ಲಿಸಿದ. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಕೊನೆಯ ಪಟ್ಟಾಭಿಷೇಕದ ಲೆಕ್ಕಾಚಾರವನ್ನೂ ಬದಲಿಸಿದ. ಮಾಡಿದ್ದನ್ನು ಮುಚ್ಚಿಡಲಿಲ್ಲ. ಹೊಲಿಗೆ ಎಲ್ಲಿದೆ ಎಂದು ಬಿ.ಎ. ವಿದ್ಯಾರ್ಥಿಯೂ ಬೆರಳಿಟ್ಟು ತೋರಿಸಬಲ್ಲ. ಆ ಹೊಲಿಗೆಯ ಸಂದಿಯಿಂದಲೇ ಕರ್ಣ ತಪ್ಪಿಸಿಕೊಂಡು ಹೊರಬಂದ.

ತಿರುಮಲಾರ್ಯನ ವಿಷಯ ಬೇರೆ. ಇವನು ದೊರೆಯ ಬಾಲ್ಯದ ಒಡನಾಡಿ. ಮುಂದೆ ಜೈನ ಮಂತ್ರಿ ವಿಶಾಲಾಕ್ಷ ಪಂಡಿತ ಕೊಲೆಯಾದ ಮೇಲೆ ಆ ಸ್ಥಾನಕ್ಕೆ ಬಂದವನು. ಅಂದರೆ ಕವಿಯೂ ಇವನೇ, ಸರ್ಕಾರವೂ ಇವನೇ. ಇವನ 'ಚಿಕದೇವರಾಜ ವಂಶಾವಳಿ' ಒಡೆಯರ ಬೇರನ್ನು ದ್ವಾರಕೆಯ ಯಾದವರವರೆಗೆ ಒಯ್ಯುತ್ತದೆ. ವಿಜಯನಗರದ ಅಧೀನದಲ್ಲಿದ್ದ ಸಣ್ಣ ಮನೆತನವೊಂದು ಶ್ರೀರಂಗಪಟ್ಟಣವನ್ನು ಹಿಡಿದದ್ದು 1610ರಲ್ಲಿ. ಚಿಕ್ಕದೇವರಾಜ ಪಟ್ಟಕ್ಕೆ ಬರುವಾಗ ಆ ಸಿಂಹಾಸನಕ್ಕೆ ಅರವತ್ತಮೂರೇ ವರ್ಷ. ಹೊಸ ಸಿಂಹಾಸನಕ್ಕೆ ಹಳೆಯ ಅಜ್ಜ ಬೇಕಿತ್ತು, ಪಂಡಿತ ಶ್ರೀಕೃಷ್ಣನನ್ನೇ ತಂದುಕೊಟ್ಟ.

ಇದಕ್ಕಿಂತ ಜಾಣತನದ ಕೆಲಸ 'ಅಪ್ರತಿಮವೀರ ಚರಿತಂ'. ಹೆಸರು ನೋಡಿದರೆ ಚರಿತ್ರೆ, ಒಳಗೆ ಅಲಂಕಾರಶಾಸ್ತ್ರ. ಅಪ್ರತಿಮವೀರ ಎಂಬುದು ದೊರೆಯ ಬಿರುದು. ಉಪಮೆ ಎಂದರೇನು, ಉತ್ಪ್ರೇಕ್ಷೆ ಎಂದರೇನು ಎಂದು ಕಲಿಯಬಂದವನಿಗೆ ಉದಾಹರಣೆಗಳಲ್ಲಿ ಸಿಗುವವನು ಚಿಕ್ಕದೇವರಾಜ. ಕಾಕತೀಯ ಪ್ರತಾಪರುದ್ರನಿಗೆ ವಿದ್ಯಾನಾಥ ಸಂಸ್ಕೃತದಲ್ಲಿ ಇದನ್ನು ಆಗಲೇ ಮಾಡಿದ್ದ, ಮಾದರಿ ಹೊಸದಲ್ಲ. ಆದರೂ ಯೋಚಿಸಿ: ಪಂಪ ಒಂದು ಕಥೆಯನ್ನು ದೊರೆಗೆ ಕೊಟ್ಟ, ತಿರುಮಲಾರ್ಯ ಕಥೆ ಕಟ್ಟುವ ಸಲಕರಣೆಗಳನ್ನೇ ಕೊಟ್ಟ.

ಇಷ್ಟಾದರೂ ನನ್ನನ್ನು ಹೆಚ್ಚು ಕಾಡುವ ಕೃತಿ 'ಚಿಕದೇವರಾಜ ಬಿನ್ನಪಂ'. ಮೇಲುಕೋಟೆಯ ನಾರಾಯಣನಿಗೆ ದೊರೆಯೇ ಮಾಡಿಕೊಳ್ಳುವ ಮೂವತ್ತು ಬಿನ್ನಪಗಳು. ಕೃತಿ ದೊರೆಯ ಹೆಸರಿನಲ್ಲಿದೆ, ಬರೆದವನು ತಿರುಮಲಾರ್ಯನೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಗದ್ಯ ಚೆನ್ನಾಗಿದೆ, ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಅಪ್ರಾಮಾಣಿಕ. ತತ್ವದ ತೊಡಕು ಮಾತನ್ನೂ ಬಾಯಿಮಾತಿನ ಲಯದಲ್ಲಿ ಬಿಡಿಸುವ ಶಕ್ತಿ ಅದಕ್ಕಿದೆ. ಬಾಗಿ ನಿಂತ, ತನ್ನ ಅಲ್ಪತನ ಬಲ್ಲ ಒಬ್ಬ ಭಕ್ತ ಎದುರಿಗೆ ಬರುತ್ತಾನೆ.

ಆ ಭಕ್ತನಿಗೆ ಜನ ಇಟ್ಟ ಹೆಸರು 'ನವಕೋಟಿ ನಾರಾಯಣ'. ಬೊಕ್ಕಸದಲ್ಲಿ ಒಂಬತ್ತು ಕೋಟಿ ಕೂಡಿಟ್ಟವನು ಎಂಬರ್ಥ. ಆ ಹಣ ಬಂದದ್ದು ಎಲ್ಲಿಂದ? ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಮೈಸೂರು ಇತಿಹಾಸದ ಮೊದಲ ಸಂಪುಟದಲ್ಲಿ ಕಂದಾಯದ ಭಾರಕ್ಕೆ ರೈತರು ತಿರುಗಿಬಿದ್ದದ್ದು, ಅವರ ಬೆನ್ನಿಗೆ ನಿಂತ ಜಂಗಮರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಿದ್ದು ಬರುತ್ತದೆ. ವಿಲ್ಕ್ಸ್ ನೂರು ವರ್ಷದ ಮೇಲೆ ಕೇಳಿ ಬರೆದವನು. ಅವನ ಪ್ರತಿ ವಿವರಕ್ಕೂ ನಾನು ಜಾಮೀನು ನಿಲ್ಲುವುದಿಲ್ಲ. ಆದರೆ ಬಿನ್ನಪವನ್ನು ಆ ಪುಟಗಳ ಪಕ್ಕದಲ್ಲಿಟ್ಟು ಓದಿದಾಗ ವಿನಯದ ಒಂದೊಂದು ವಾಕ್ಯವೂ ಬೇರೆಯಾಗಿ ಕೇಳಿಸುತ್ತದೆ. ದೇವರ ಮುಂದೆ ಬಾಗುವ ದೊರೆ ರೈತನಿಗೆ ಉತ್ತರ ಹೇಳಬೇಕಾಗಿಲ್ಲ. ಹೊಗಳಿಕೆಯಲ್ಲಿ ಪಂಡಿತ ದೊರೆಯ ಪಕ್ಕ ನಿಂತಿರುವುದಾದರೂ ಕಾಣುತ್ತದೆ. ಇಲ್ಲಿ ಅವನು ದೊರೆಯ ಗಂಟಲೊಳಗೆ ಇಳಿದು ಮಾಯವಾಗಿದ್ದಾನೆ.

ಭಕ್ತಿಯನ್ನು ರಾಜಕೀಯಕ್ಕೆ ಇಳಿಸುತ್ತಿದ್ದೀಯೆ ಎಂದು ಸ್ನೇಹಿತರು ನನ್ನ ಮೇಲೆ ರೇಗುವುದುಂಟು. ಭಕ್ತಿ ಸುಳ್ಳು ಎಂದು ನಾನೆಂದಿಲ್ಲ. ಚಿಕ್ಕದೇವರಾಜನ ಶ್ರೀವೈಷ್ಣವ ಶ್ರದ್ಧೆ ನಿಜವೇ ಇದ್ದೀತು. ನಿಜವಾದ ಶ್ರದ್ಧೆಯೂ ಆಡಳಿತದ ಕೆಲಸಕ್ಕೆ ಬಾರದೇನಲ್ಲ.

ಇಂಥ ಕಥೆಗಳು ಎಷ್ಟು ಗಟ್ಟಿ ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ನಾನಿರುವ ಸಿಂಗಾಪುರದ ಪಕ್ಕದ ಬಡಾವಣೆ ವಿದ್ಯಾರಣ್ಯಪುರ. ಯತಿಯೊಬ್ಬ ನಿಂತು ಸಾಮ್ರಾಜ್ಯ ಕಟ್ಟಿಸಿದ ಎಂಬ ಕಥೆಯಲ್ಲಿ ಎಷ್ಟು ಪಾಲು ನಂತರದ ಶತಮಾನಗಳದ್ದು ಎಂದು ಇತಿಹಾಸಕಾರರು ಜಗಳವಾಡುತ್ತಲೇ ಇದ್ದಾರೆ. ಬಸ್ಸಿನ ಬೋರ್ಡಿಗೆ ಆ ಜಗಳದ ಗೊಡವೆಯಿಲ್ಲ. ಇತ್ತ ನಮ್ಮ ತಲೆಮಾರಿನ ಸಂಶೋಧಕರ ಮುಂದೆಯೂ ವಂಶಾವಳಿಯ ಕೆಲಸ ಬಂದು ನಿಲ್ಲುತ್ತದೆ: ಜಯಂತಿಗೊಂದು ಸಂಪುಟ, ಸಮುದಾಯಕ್ಕೊಂದು ಮೂಲಪುರುಷ, ನಾಯಕರಿಗೊಂದು ಆತ್ಮಕಥೆ. ಫೆಲೋಶಿಪ್ ತಿಂಗಳುಗಟ್ಟಲೆ ಬಾರದಿದ್ದಾಗ ಬೇಡವೆನ್ನುವುದು ಸುಲಭವಲ್ಲ. ತಿರುಮಲಾರ್ಯನನ್ನು ದೂರದ ಶತಮಾನದ ಕುತೂಹಲವಾಗಿ ಓದಲು ನನಗೆ ಆಗದಿರುವುದು ಇದರಿಂದಲೇ.

ಅದೇ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿದು ನಿಂತಿದ್ದವಳು ಹೊನ್ನಮ್ಮ. ಅವಳಿಗೆ ಸಿಕ್ಕ ವಸ್ತುವೂ ಅರಮನೆಗೆ ಒಪ್ಪುವಂಥದ್ದೇ, ಪತಿವ್ರತೆಯ ಧರ್ಮ. 'ಹದಿಬದೆಯ ಧರ್ಮ'ದ ಬಹುಪಾಲು ವಿಧಿನಿಷೇಧಗಳನ್ನು ಹೇಳುತ್ತಾ ಸಾಗುತ್ತದೆ, ಓದಲು ಬೇಸರವೂ ಆಗುತ್ತದೆ. ನಡುವೆ ಒಂದೆಡೆ ಹೆಣ್ಣನ್ನು ಹಳಿಯುವವರನ್ನು ನಿಲ್ಲಿಸಿ, ನಿಮ್ಮನ್ನು ಹೆತ್ತವಳು ಯಾರು ಎಂದು ಕೇಳಿಬಿಡುತ್ತಾಳೆ. ಆಮೇಲೆ ಮತ್ತೆ ವಿಧಿನಿಷೇಧ. ಆ ಪ್ರಶ್ನೆಯನ್ನು ಕೇಳು ಎಂದು ಅವಳಿಗೆ ಯಾರೂ ಹೇಳಿದ್ದಿರಲಾರದು. ಬಿನ್ನಪದ ಮೂವತ್ತು ಭಾಗಗಳಲ್ಲಿ ಅಂಥದೊಂದು ವಾಕ್ಯಕ್ಕಾಗಿ, ಮಂತ್ರಿಯ ಸ್ವಂತ ದನಿ ಕೈತಪ್ಪಿ ಹೊರಬಿದ್ದ ಒಂದೇ ಒಂದು ಜಾಗಕ್ಕಾಗಿ, ನಾನು ಇನ್ನೂ ಹುಡುಕುತ್ತಿದ್ದೇನೆ.