ಕತೆ ತಿದ್ದುವ ಕಮ್ಮಟ

ಕತೆ ಬರೆಯುವುದನ್ನು ಕಲಿಸಲಾಗದು ಎನ್ನುವವರಿದ್ದಾರೆ. ಇರಬಹುದು, ಆದರೆ ಬರೆದ ಕತೆಯನ್ನು ತಿದ್ದುವುದನ್ನು ಖಂಡಿತ ಕಲಿಸಬಹುದು. ಕಥಾಕಮ್ಮಟದ ಹಿರಿಮೆ ಇರುವುದೇ ಅಲ್ಲಿ.

ಕತೆಗಾರ ಮೊದಲು ತನ್ನ ಕತೆಯನ್ನು ಹತ್ತು ಜನರ ಎದುರು ಗಟ್ಟಿಯಾಗಿ ಓದುತ್ತಾನೆ. ನಾಲಿಗೆ ತಡವರಿಸಿದಲ್ಲಿ ವಾಕ್ಯ ಸಡಿಲ. ಕೇಳುಗರು ಮಿಸುಕಾಡಿದಲ್ಲಿ ಕತೆ ಸಡಿಲ. ‘ಪಾರವ್ವನಿಗೆ ಬಹಳ ದುಃಖವಾಯಿತು’ ಎಂಬ ಸಾಲನ್ನೇ ನೋಡಿ. ಅದನ್ನು ಹೊಡೆದುಹಾಕಿ, ‘ಪಾರವ್ವ ಕುದಿಯುವ ಸಾರಿಗೆ ಎರಡನೇ ಸಲ ಉಪ್ಪು ಹಾಕಿದಳು’ ಎಂದು ಬರೆದರೆ ಅವಳ ಮನಸ್ಸು ಎಲ್ಲಿದೆ ಎಂಬುದು ಓದುಗನಿಗೆ ತಾನಾಗಿಯೇ ತಿಳಿಯುತ್ತದೆ. ‘ಎಲ್ಲಿಗೆ ಹೋಗುತ್ತಿರುವೆ?’ ಎನ್ನುತ್ತಿದ್ದ ಅತ್ತೆ, ‘ಎಲ್ಲಿಗ್ ಹೊಂಟೀಯವಾ?’ ಎಂದ ಕೂಡಲೇ ಗೋಕಾಕದ ಹೆಂಗಸಾಗುತ್ತಾಳೆ.

ಆಡುಮಾತನ್ನು ಹೀಗೆ ಹದವರಿತು ಬಳಸುವುದು ಈ ಸೀಮೆಗೆ ಹೊಸದಲ್ಲ. ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣನಿಂದ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟ ಮನೆಮಾತಾಯಿತು. ಗೋಕಾಕ ತಾಲ್ಲೂಕು ಬೆಟಗೇರಿಯ ಕವಿ ಆನಂದಕಂದರನ್ನೂ ಮಲಾಮರಡಿಯ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರನ್ನೂ ಕೊಟ್ಟಿತು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಲ್ಲಿನ ಮಾತನ್ನೇ ಕಾವ್ಯಕ್ಕೂ ನಾಟಕಕ್ಕೂ ಒಗ್ಗಿಸಿ, 2010ನೇ ಸಾಲಿನ ಜ್ಞಾನಪೀಠದವರೆಗೆ ಬೆಳೆದರು.

ಕಮ್ಮಟ ಕಲಿಸುವ ದೊಡ್ಡ ಪಾಠ ತಾಳ್ಮೆ. ತನಗೆ ಪ್ರಿಯವಾದ ಸಾಲು ಕತೆಗೆ ಬೇಡವಾದಾಗ ಅದನ್ನು ಬಿಟ್ಟುಕೊಡುವುದು ಸುಲಭವಲ್ಲ. ಇನ್ನೊಬ್ಬರ ಕತೆಯನ್ನು ತನ್ನದೆಂಬಷ್ಟು ಅಕ್ಕರೆಯಿಂದ ಕೇಳುವುದೂ ಸುಲಭವಲ್ಲ. ಎರಡನ್ನೂ ಕಲಿತವನ ಕತೆ ಗಟ್ಟಿಯಾಗುತ್ತದೆ. ಮೂಡಲಗಿ, ಗೋಕಾಕ, ಹುಕ್ಕೇರಿ ಈ ಮೂರೂ ತಾಲ್ಲೂಕುಗಳ ಗ್ರಂಥಾಲಯ, ಕಾಲೇಜುಗಳಲ್ಲಿ ಪ್ರತಿ ವರ್ಷ ಇಂಥ ಕಮ್ಮಟಗಳು ನಡೆಯಲಿ. ಬರೆಯುವ ಹುಡುಗ ಹುಡುಗಿಯರಿಗೆ ನಾವು ಕೊಡಬಹುದಾದ ಒಳ್ಳೆಯ ಕಾಣಿಕೆ ಇದು.